ಬಾಗಿಲ ಕೀಲಿನ ಬದಿ ನಿಂತ ನಾಯಿ

ಮುದಿ ನಾಯಿಯ ಮೆದುಳು ಸೋಲತೊಡಗಿದ ಗುರುತು ಎಷ್ಟೋ ಸಲ ಬಾಗಿಲ ಬಳಿ ಕಾಣಸಿಗುತ್ತದೆ. ಹತ್ತು ಹನ್ನೆರಡು ವರ್ಷ ಅದೇ ಬಾಗಿಲಿನಿಂದ ಓಡಾಡಿದ ನಾಯಿ ಒಂದು ದಿನ ಬಾಗಿಲು ತೆರೆದುಕೊಳ್ಳುವ ಕಡೆ ಬಿಟ್ಟು, ಅದರ ಕೀಲು ಗೋಡೆಗೆ ಕೂತಿರುವ ಕಡೆ ಹೋಗಿ ನಿಲ್ಲುತ್ತದೆ. ಮೂಗನ್ನು ಸಂದಿಗೆ ಒತ್ತಿಕೊಂಡು, ದಾರಿ ಬಿಡುವುದು ಅಲ್ಲೇ ಎಂಬಂತೆ ಕಾಯುತ್ತದೆ. ಬಾಗಿಲು ತೆರೆದರೂ ಕದಲುವುದಿಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಅಂಗಳ ಎಂಬುದು ಅದಕ್ಕೆ ಹೊಳೆಯುವುದಿಲ್ಲ. ಮನೆಯವರು ‘ಪಾಪ, ವಯಸ್ಸಾಯ್ತು’ ಎಂದು ಕತ್ತಿನ ಪಟ್ಟಿ ಹಿಡಿದು ಹೊರಗೆ ಕರೆದೊಯ್ಯುತ್ತಾರೆ. ವಯಸ್ಸಾಗಿರುವುದು ನಿಜ. ಆದರೆ ಹೀಗೆ ನಿಲ್ಲುವುದಕ್ಕೆ ಒಂದು ರೋಗದ ಹೆಸರಿದೆ, ಆ ರೋಗಕ್ಕೆ ಆರೈಕೆಯೂ ಇದೆ.

ಪಶುವೈದ್ಯರು ಇದನ್ನು ಕೆನೈನ್ ಕಾಗ್ನಿಟಿವ್ ಡಿಸ್‌ಫಂಕ್ಷನ್ ಎನ್ನುತ್ತಾರೆ. ಕನ್ನಡದಲ್ಲಿ ನಾಯಿಗಳ ಮರೆಗುಳಿ ರೋಗ ಎನ್ನಬಹುದು. ಮನುಷ್ಯರ ಆಲ್‌ಝೈಮರ್ ಕಾಯಿಲೆಗೆ ಇದು ಹತ್ತಿರದ ನೆಂಟ. ಎರಡರಲ್ಲೂ ಬೀಟಾ ಅಮೈಲಾಯ್ಡ್ ಎಂಬ ಪ್ರೋಟೀನು ಮೆದುಳಿನಲ್ಲಿ ಮಚ್ಚೆಮಚ್ಚೆಯಾಗಿ ಶೇಖರವಾಗುತ್ತದೆ. ನಾಯಿಯ ಮೆದುಳಿನ ಅಮೈಲಾಯ್ಡ್‌ಗೂ ಮನುಷ್ಯನದಕ್ಕೂ ಅಮೈನೋ ಆಮ್ಲಗಳ ಜೋಡಣೆಯಲ್ಲಿ ವ್ಯತ್ಯಾಸವೇ ಇಲ್ಲ. ಮನುಷ್ಯರ ಕಾಯಿಲೆಯಲ್ಲಿ ಢಾಳಾಗಿ ಕಾಣುವ ಟೌ ಪ್ರೋಟೀನಿನ ಸಿಕ್ಕುಗಳು ಮಾತ್ರ ನಾಯಿಗಳಲ್ಲಿ ಅಪರೂಪ. ಜೊತೆಗೆ ಮೆದುಳಿನ ಹೊರಪದರ ತೆಳುವಾಗುತ್ತದೆ, ಒಳಗಿನ ದ್ರವದ ಕೋಣೆಗಳು ಹಿಗ್ಗುತ್ತವೆ, ನರಕೋಶಗಳು ಸಕ್ಕರೆಯನ್ನು ಬಳಸಿಕೊಳ್ಳುವ ಶಕ್ತಿ ಕುಗ್ಗುತ್ತದೆ. ಕಲಿತದ್ದು ಅಳಿಸುತ್ತದೆ, ಹಗಲು ರಾತ್ರಿಯ ಲೆಕ್ಕ ತಪ್ಪುತ್ತದೆ.

ಇದು ಅಪರೂಪದ ಕಾಯಿಲೆಯೇನೂ ಅಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಶುವೈದ್ಯರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 11–12 ವರ್ಷದ ನಾಯಿಗಳ ಪೈಕಿ ಶೇ 28ರಲ್ಲಿ ಮರೆವಿನ ಒಂದಾದರೂ ಲಕ್ಷಣವಿತ್ತು; 15–16 ವರ್ಷದವುಗಳಲ್ಲಿ ಅದು ಶೇ 68ಕ್ಕೆ ಏರಿತ್ತು. ಅದಕ್ಕಿಂತ ಮನಸ್ಸಿಗೆ ತಟ್ಟುವ ಅಂಕಿ 2010ರದು. ಸಿಡ್ನಿಯ ಸಂಶೋಧಕರು ಎಂಟು ವರ್ಷ ಮೀರಿದ ನಾಯಿಗಳ ಸಮೀಕ್ಷೆ ಮಾಡಿದಾಗ ಶೇ 14.2ರಷ್ಟಕ್ಕೆ ಈ ರೋಗ ಇದ್ದಂತೆ ಕಂಡಿತು, ಆದರೆ ವೈದ್ಯರಿಂದ ಹಾಗೆಂದು ಹೇಳಿಸಿಕೊಂಡಿದ್ದವು ಶೇ 1.9 ಮಾತ್ರ. ಉಳಿದವೆಲ್ಲ ‘ವಯಸ್ಸಾಯ್ತು’ ಎಂಬ ಒಂದೇ ಮಾತಿನ ಕೆಳಗೆ ಮುಚ್ಚಿಹೋಗಿದ್ದವು.

ಲಕ್ಷಣಗಳನ್ನು ನೆನಪಿಡಲು ವೈದ್ಯರು ಆರು ಇಂಗ್ಲಿಷ್ ಪದಗಳ ಮೊದಲಕ್ಷರ ಕೂಡಿಸಿ ‘ಡಿಶಾ’ ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ದಿಶೆ ಎಂದೇ ಕೇಳಿಸುತ್ತದೆ. ಆಕಸ್ಮಿಕವಾದರೂ ಹೆಸರು ಒಪ್ಪುತ್ತದೆ, ಈ ನಾಯಿಗಳು ಕಳೆದುಕೊಳ್ಳುವುದು ದಿಕ್ಕನ್ನೇ. ಗೊತ್ತಿರುವ ಜಾಗದಲ್ಲೇ ದಾರಿ ತಪ್ಪುವುದು, ಮನೆಮಂದಿಯೊಡನೆ ಬಳಕೆ ಬದಲಾಗುವುದು, ನಿದ್ದೆ ಅದಲುಬದಲಾಗುವುದು, ಮನೆಯೊಳಗೇ ಮಲಮೂತ್ರ, ಚಟುವಟಿಕೆ ಕುಗ್ಗುವುದು ಇಲ್ಲವೇ ಗೊತ್ತುಗುರಿಯಿಲ್ಲದ ಅಲೆದಾಟ, ಕೊನೆಯದಾಗಿ ಆತಂಕ. ಎಲ್ಲವೂ ಒಟ್ಟಿಗೆ ಬರುವುದಿಲ್ಲ. ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋದ ಮೇಲೆ ಎಷ್ಟೋ ಮನೆಗಳಲ್ಲಿ ಉಳಿಯುವುದು ವಯಸ್ಸಾದ ಅಪ್ಪ ಅಮ್ಮ ಮತ್ತು ವಯಸ್ಸಾದ ನಾಯಿ. ರಜೆಗೆ ಬಂದ ಮಗಳನ್ನು ಗೇಟಿನಲ್ಲೇ ಮುತ್ತಿಕೊಳ್ಳುತ್ತಿದ್ದ ನಾಯಿ ಈ ಸಲ ಮುಖ ನೋಡಿ ಸುಮ್ಮನೆ ಆಚೆ ನಡೆದರೆ, ಅದಕ್ಕೆ ಕೋಪ ಬಂದಿದೆ ಎಂದೇ ಎಲ್ಲರೂ ತಿಳಿಯುತ್ತಾರೆ. ಅದು ಕೋಪವಾಗಿರಲಿಕ್ಕಿಲ್ಲ. ಗುರುತು ಹಿಡಿಯಲು ಅದಕ್ಕೆ ಮೊದಲಿಗಿಂತ ಹೆಚ್ಚು ಹೊತ್ತು ಬೇಕು, ಹತ್ತಿರ ಬಂದು ಮೂಸಲು ಬಿಡಬೇಕು.

ಈ ಆರರಲ್ಲಿ ಆತಂಕವನ್ನು ಬೇರೆಯಾಗಿಯೇ ನೋಡಬೇಕು. ಒಂಟಿಯಾಗಿ ಉಳಿದಾಗ ನಾಯಿ ತಡೆಯಲಾಗದೆ ಒದ್ದಾಡುವುದಕ್ಕೆ ಅಗಲಿಕೆಯ ಆತಂಕ ಎನ್ನುತ್ತಾರೆ. ಮನೆಯವರು ಬೀಗ ಹಾಕಿಕೊಂಡು ಹೋದ ಅರ್ಧ ಗಂಟೆಯೊಳಗೇ ಅದು ಸಾಮಾನ್ಯವಾಗಿ ಶುರುವಾಗುತ್ತದೆ: ಬೊಗಳಾಟ, ಊಳಿಡುವುದು, ಜೊಲ್ಲು, ಬಾಗಿಲು ಪರಚುವುದು, ಇದ್ದಲ್ಲೇ ಮೂತ್ರ. ಮರಿಯಾಗಿದ್ದಾಗಿನಿಂದ ಈ ಸ್ವಭಾವ ಇರುವ ನಾಯಿಗಳಿವೆ. ಇಲ್ಲಿ ಮುಖ್ಯವಾದದ್ದು ಇನ್ನೊಂದು ಬಗೆ. ಬದುಕಿನುದ್ದಕ್ಕೂ ಮನೆ ಕಾಯುತ್ತ ನೆಮ್ಮದಿಯಾಗಿ ಮಲಗಿರುತ್ತಿದ್ದ ನಾಯಿ ಹನ್ನೊಂದನೆಯ ವರ್ಷದಲ್ಲಿ, ಬೀಗದ ಕೈ ಸದ್ದಾದರೆ ಸಾಕು, ನಡುಗುತ್ತದೆ. ಮನೆಯಲ್ಲೂ ಬಿಡದೆ ಹಿಂಬಾಲಿಸುತ್ತದೆ. ಅಡುಗೆಮನೆಗೆ ಹೋದರೆ ಅಲ್ಲಿ, ಬಚ್ಚಲಿಗೆ ಹೋದರೆ ಬಾಗಿಲ ಮುಂದೆ. ಅದರ ಕಣ್ಣು, ಕಿವಿ, ನೆನಪು ಒಂದೊಂದಾಗಿ ಕೈಕೊಡುತ್ತಿರುವಾಗ ಜಗತ್ತಿನಲ್ಲಿ ನಂಬಬಹುದಾದ ಒಂದೇ ಗುರುತು ಮನೆಯವರ ಇರುವಿಕೆ. ಅದೂ ಎದ್ದು ಹೋದರೆ ಏನು ಉಳಿಯಿತು? ಮುದಿತನದಲ್ಲಿ ಹೊಸದಾಗಿ ಹುಟ್ಟಿದ ಅಗಲಿಕೆಯ ಭಯವನ್ನು ಮುದ್ದು ಹೆಚ್ಚಾದದ್ದರ ಫಲ ಎಂದು ತಳ್ಳಿಹಾಕಬಾರದು. ದೇಹವೋ ಮೆದುಳೋ ಕೆಡುತ್ತಿದೆ ಎಂಬುದಕ್ಕೆ ಅದೇ ಮೊದಲ ಸೂಚನೆ ಆಗಿರಬಹುದು.

ಮರೆಗುಳಿ ರೋಗವನ್ನು ಖಚಿತವಾಗಿ ತೋರಿಸುವ ರಕ್ತಪರೀಕ್ಷೆ ಪಶುವೈದ್ಯರ ದಿನಬಳಕೆಯಲ್ಲಿ ಇಲ್ಲ. ಉಳಿದ ಕಾರಣಗಳನ್ನು ಒಂದೊಂದಾಗಿ ಕಳೆಯುತ್ತ ಬಂದು ಅವರು ಈ ತೀರ್ಮಾನಕ್ಕೆ ತಲುಪುತ್ತಾರೆ. ಆದ್ದರಿಂದ ಮೊದಲ ಕೆಲಸ ಪೂರ್ಣ ತಪಾಸಣೆ. ಮನೆಯೊಳಗೆ ಮೂತ್ರ ಮಾಡುವ ನಾಯಿಗೆ ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಮೂತ್ರನಾಳದ ಸೋಂಕು, ಕುಶಿಂಗ್ಸ್ ಕಾಯಿಲೆ ಯಾವುದಾದರೂ ಇರಬಹುದು. ಮಂಕಾಗಿ ಬಿದ್ದುಕೊಂಡಿರುವ ನಾಯಿಗೆ ಥೈರಾಯ್ಡ್ ಕೊರತೆಯೋ, ನಮ್ಮ ಊರುಗಳಲ್ಲಿ ಮಾಮೂಲಾಗಿರುವ ಉಣ್ಣೆಜ್ವರವೋ ಇರಬಹುದು. ಕಣ್ಣಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ: ಮುದಿ ನಾಯಿಯ ಕಣ್ಣಲ್ಲಿ ಕಾಣುವ ನೀಲಿ ಬೆರೆತ ಮಬ್ಬೆಲ್ಲ ಪೊರೆಯಲ್ಲ. ಮಸೂರ ಗಟ್ಟಿಯಾಗುವುದರಿಂದ ಬರುವ ಆ ಬಣ್ಣ ದೃಷ್ಟಿಯನ್ನು ಹೆಚ್ಚೇನೂ ಕೆಡಿಸುವುದಿಲ್ಲ. ಬಿಳಿ ಪೊರೆ ಕೆಡಿಸುತ್ತದೆ. ಎರಡನ್ನೂ ವೈದ್ಯರು ಉಪಕರಣದಿಂದ ನೋಡಿ ಬೇರ್ಪಡಿಸುತ್ತಾರೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಬೋಧನಾ ಆಸ್ಪತ್ರೆಗಳಲ್ಲಿ ರಕ್ತ, ಮೂತ್ರ ಪರೀಕ್ಷೆ, ಎಕ್ಸ್‌ರೇ ಎಲ್ಲವೂ ಒಂದೇ ಕಡೆ ಆಗುತ್ತವೆ. ಎಂಟು ವರ್ಷ ದಾಟಿದ ನಾಯಿಗೆ ಆರು ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಗಳು ಪಮೇರಿಯನ್‌ಗಿಂತ ಬೇಗ ಮುದಿಯಾಗುವುದರಿಂದ ಅವಕ್ಕೆ ಇನ್ನೊಂದು ವರ್ಷ ಮೊದಲೇ ಶುರು ಮಾಡಬೇಕು.

ಎಲ್ಲಕ್ಕಿಂತ ಹೆಚ್ಚು ಕಣ್ತಪ್ಪುವುದು ನೋವು. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದ ಡೇನಿಯಲ್ ಮಿಲ್ಸ್ ಮತ್ತು ಸಂಗಡಿಗರು 2020ರಲ್ಲಿ ಬರೆದಿರುವಂತೆ, ನಡವಳಿಕೆಯ ತೊಂದರೆಯೆಂದು ತಜ್ಞರ ಬಳಿ ಬಂದ ಪ್ರಾಣಿಗಳಲ್ಲಿ ಕಡಿಮೆಯೆಂದರೂ ಮೂರನೆಯ ಒಂದು ಪಾಲಿಗೆ ನೋವಿನ ಕಾಯಿಲೆ ಇರುತ್ತದೆ. ಕೆಲವು ತಜ್ಞರ ಲೆಕ್ಕದಲ್ಲಿ ಅದು ಶೇ 80ರ ಹತ್ತಿರ. ಸೊಂಟದ ಕೀಲು ಸವೆದ ನಾಯಿ ನರಳುವುದಿಲ್ಲ. ಮಲಗುವ ಮುನ್ನ ಮೂರು ಸುತ್ತು ಹೆಚ್ಚು ಸುತ್ತುತ್ತದೆ, ರಾತ್ರಿ ಮಗ್ಗುಲು ಬದಲಿಸಲಾಗದೆ ಎದ್ದು ಓಡಾಡುತ್ತದೆ, ಮುಟ್ಟಿದರೆ ಗುರ್ ಎನ್ನುತ್ತದೆ. ಇವೆಲ್ಲ ಮರೆವಿನಂತೆಯೇ ಕಾಣುತ್ತವೆ. ನೋವಿಗೆ ಸರಿಯಾದ ಔಷಧ ಬಿದ್ದರೆ ಎಷ್ಟೋ ನಾಯಿಗಳ ರಾತ್ರಿ ಅಲೆದಾಟ ಅಲ್ಲಿಗೇ ನಿಲ್ಲುತ್ತದೆ. ಮನೆಯ ಮಾತ್ರೆ ಡಬ್ಬಿಗೆ ಮಾತ್ರ ಕೈ ಹಾಕಬಾರದು: ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ, ಪ್ಯಾರಾಸಿಟಮಾಲ್ ಅಳತೆ ಮೀರಿದರೆ ಪಿತ್ತಜನಕಾಂಗಕ್ಕೆ ವಿಷ.

ಮನೆಗೆ ಬಂದಾಗ ನೆಲದ ಮೇಲೆ ಮೂತ್ರ, ಪರಚಿದ ಬಾಗಿಲು, ಮೂಲೆಯಲ್ಲಿ ಕಿವಿ ಹಿಂದಕ್ಕೆ ಮಡಚಿ ಕೂತ ನಾಯಿ. ‘ತಪ್ಪು ಮಾಡಿದ್ದು ಅದಕ್ಕೇ ಗೊತ್ತು, ಮುಖ ನೋಡಿ’ ಎಂಬ ಮಾತು ಸಲೀಸಾಗಿ ಬರುತ್ತದೆ. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷಿಸಿದರು. ನಾಯಿ ನಿಜಕ್ಕೂ ತಪ್ಪು ಮಾಡಿದೆಯೋ ಇಲ್ಲವೋ ಎಂಬುದಕ್ಕೂ ಆ ಮುಖಕ್ಕೂ ಸಂಬಂಧವೇ ಕಾಣಲಿಲ್ಲ. ಮಾಲೀಕರು ಗದರಿದಾಗ ಮಾತ್ರ ಆ ಮುಖ ಹೆಚ್ಚಾಗಿ ಕಾಣಿಸಿತು. ಅಂದರೆ ಅದು ಗದರಿಕೆಗೆ ಹುಟ್ಟಿದ ಭಯ. ಹಿಂದಿನದು ಮುಂದಿನದು ಕೂಡಿಸಿಕೊಳ್ಳಲಾರದ ಮುದಿ ನಾಯಿಗೆ ಏಟು ಬಿದ್ದರೆ, ಅದು ಕಲಿಯುವುದು ಒಂದೇ: ಕಾದು ಕಾದು ಬಂದವರೂ ನಂಬಿಕಸ್ಥರಲ್ಲ. ಒಂಟಿಯಾಗಿರುವ ಭಯದ ಮೇಲೆ ಬರುವವರ ಭಯವೂ ಸೇರಿಕೊಳ್ಳುತ್ತದೆ. ಭಯಪಟ್ಟ ನಾಯಿಯನ್ನು ಸಮಾಧಾನ ಮಾಡಿದರೆ ಭಯ ಹೆಚ್ಚುತ್ತದೆ ಎಂಬುದೂ ಹಳೆಯ ತಪ್ಪು ನಂಬಿಕೆಯೇ.

ಎಳೆಯ ನಾಯಿಗಳ ಅಗಲಿಕೆಯ ಆತಂಕಕ್ಕೆ ಒಳ್ಳೆಯ ಪಾಠವಿದೆ. ಬಾಗಿಲು ಹಾಕಿ ಐದು ಸೆಕೆಂಡಿಗೆ ಮರಳುವುದು, ಆಮೇಲೆ ಹತ್ತು ಸೆಕೆಂಡು, ಒಂದು ನಿಮಿಷ, ಹೀಗೆ ನಾಯಿ ಹೆದರುವ ಮಿತಿಯನ್ನು ಎಂದೂ ದಾಟದೆ ವಾರಗಟ್ಟಲೆ ಬೆಳೆಸುತ್ತ ಹೋಗುವುದು. ಬೀಗದ ಕೈ, ಹೆಲ್ಮೆಟ್ಟು, ಊಟದ ಡಬ್ಬಿಗಳನ್ನು ಸುಮ್ಮನೆ ಎತ್ತಿ ಇಟ್ಟು ಅವುಗಳ ಭಯ ಕಳೆಯುವುದು. ಮೆದುಳು ಇನ್ನೂ ಗಟ್ಟಿಯಿರುವ ಮುದಿ ನಾಯಿಗೂ ಇದು ನಡೆಯುತ್ತದೆ. ಆದರೆ ಈ ಪಾಠ ನಿಂತಿರುವುದು ನೆನಪಿನ ಮೇಲೆ. ನಿನ್ನೆ ಕಲಿತದ್ದು ಇಂದು ಉಳಿಯದ ನಾಯಿಗೆ ತರಬೇತಿ ಕೊಡುತ್ತ ಕೂರುವುದು ಇಬ್ಬರಿಗೂ ಹಿಂಸೆ. ಅದಕ್ಕೆ ಬೇಕಾದದ್ದು ಒಂಟಿಯಾಗದಂತೆ ದಿನವನ್ನು ಹೊಂದಿಸಿಕೊಳ್ಳುವುದು. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಒಬ್ಬರು ಬೆಳಿಗ್ಗೆ ತಡವಾಗಿ ಹೊರಟು ಇನ್ನೊಬ್ಬರು ಸಂಜೆ ಬೇಗ ಬರುವುದು. ನಡುವಿನ ಹೊತ್ತಿಗೆ ಅಜ್ಜಿಯೋ ಪಕ್ಕದ ಮನೆಯವರೋ ನಾಯಿಗೆ ಪರಿಚಯವಿರುವ ಕೆಲಸದಾಕೆಯೋ ಬಂದು ಕೂರುವುದು. ನಾಯಿಗೆ ಬೇಕಿರುವುದು ಉಸಿರಾಡುವ ಒಂದು ಗುರುತಿನ ಜೀವ, ಬಂದವರು ಅದರೊಡನೆ ಆಡಬೇಕೆಂದಿಲ್ಲ. ಹೋಗುವಾಗ ಮನೆಯವರು ಉಟ್ಟು ಬಿಟ್ಟ ಬಟ್ಟೆ ಹಾಸಿಗೆಯ ಬಳಿ ಇದ್ದರೆ ವಾಸನೆಯಾದರೂ ಉಳಿಯುತ್ತದೆ. ಹಳೆಯ ಮೊಬೈಲನ್ನೇ ಕ್ಯಾಮೆರಾ ಮಾಡಿ ಇಟ್ಟರೆ ನಿಜ ಸ್ಥಿತಿ ತಿಳಿಯುತ್ತದೆ, ವೈದ್ಯರಿಗೂ ಆ ಚಿತ್ರ ಹತ್ತು ಮಾತಿಗಿಂತ ಹೆಚ್ಚು ಹೇಳುತ್ತದೆ. ಮುದಿ ನಾಯಿಗೆ ಜೊತೆಯಾಗಲೆಂದು ಮರಿ ತರುವವರಿದ್ದಾರೆ. ಉದ್ದೇಶ ಒಳ್ಳೆಯದು, ಆದರೆ ಕಚ್ಚಿ ಎಳೆದಾಡುವ ಮರಿ ನೋವಿನ ಮೈಗೂ ಗೊಂದಲದ ಮನಸ್ಸಿಗೂ ಇನ್ನೊಂದು ಹೊರೆಯಾಗುವುದೇ ಹೆಚ್ಚು.

ಇಂಥ ನಾಯಿಗೆ ಮನೆಯೇ ನೆನಪು. ನೀರಿನ ಬಟ್ಟಲು, ಹಾಸಿಗೆ, ಸೋಫಾ ಇದ್ದಲ್ಲೇ ಇರಬೇಕು. ಹಬ್ಬಕ್ಕೆಂದು ಹಜಾರದ ಸಾಮಾನು ಸರಿಸುವುದೂ ಅದಕ್ಕೆ ಊರು ಬದಲಿಸಿದಂತೆ. ನಯವಾದ ಟೈಲ್ಸ್ ನೆಲದ ಮೇಲೆ ಹಿಂಗಾಲು ಜಾರುವ ನಾಯಿ ನಡೆಯಲೇ ಹೆದರುತ್ತದೆ. ಹಾಸಿಗೆಯಿಂದ ನೀರಿಗೆ, ನೀರಿನಿಂದ ಬಾಗಿಲಿಗೆ ಜಾರದ ಮ್ಯಾಟನ್ನು ದಾರಿಯಂತೆ ಹಾಸಿದರೆ ಕಾಲಿಗೆ ಹಿಡಿತವೂ ಸಿಗುತ್ತದೆ, ಎಲ್ಲಿಗೆ ಹೋಗಬೇಕೆಂಬುದು ಅಂಗಾಲಿಗೇ ಗೊತ್ತಾಗುತ್ತದೆ. ಸೋಫಾ, ಬೀರುಗಳ ಹಿಂದಿನ ಸಂದಿಗಳನ್ನು ದಿಂಬಿಟ್ಟು ಮುಚ್ಚಬೇಕು. ಮೆಟ್ಟಿಲಿಗೆ ಅಡ್ಡಗೇಟು ಬೇಕು. ಕಿವಿ ಕೇಳದ ನಾಯಿ ಮಲಗಿರುವಾಗ ಮುಟ್ಟಿ ಎಬ್ಬಿಸಿದರೆ ಗಾಬರಿಯಲ್ಲಿ ಕಚ್ಚೀತು. ಮೂಗಿನ ಬಳಿ ಕೈ ಹಿಡಿದರೆ ವಾಸನೆಗೆ ತಾನಾಗಿ ಕಣ್ಣು ಬಿಡುತ್ತದೆ. ಮೂತ್ರಕ್ಕೆ ಮರಿಗೆ ಮಾಡಿದಂತೆಯೇ ಮತ್ತೆ ಮಾಡಬೇಕು: ಎದ್ದ ಕೂಡಲೇ, ಉಂಡ ಕೂಡಲೇ, ಮೂರು ನಾಲ್ಕು ಗಂಟೆಗೊಮ್ಮೆ ಹೊರಗೆ. ಹೊರಗೆ ಬಂದದ್ದೇಕೆ ಎಂದು ಮರೆತು ನಿಂತರೆ ಸ್ವಲ್ಪ ಕಾಯಬೇಕು.

ಕಷ್ಟದ ಭಾಗ ರಾತ್ರಿ. ಎರಡು ಗಂಟೆಯ ಹೊತ್ತು, ಮನೆಯೆಲ್ಲ ಮಲಗಿದೆ. ಉಗುರಿನ ಟಕ್ ಟಕ್ ಸದ್ದು ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ದೇವರ ಕೋಣೆಯ ಹೊಸ್ತಿಲಿಗೆ, ಅಲ್ಲಿಂದ ಮತ್ತೆ ಅಡುಗೆಮನೆಗೆ. ನಡುವೆ ಸದ್ದು ನಿಲ್ಲುತ್ತದೆ: ನಾಯಿ ಫ್ರಿಜ್ಜಿನ ಪಕ್ಕದ ಮೂಲೆಗೆ ಹಣೆ ಕೊಟ್ಟು ನಿಂತಿದೆ, ಹಿಂದಕ್ಕೆ ಹೆಜ್ಜೆ ಇಡುವುದು ಹೇಗೆಂದು ತಿಳಿಯದೆ. ಆಮೇಲೆ ಒಂದು ಸಣ್ಣ ಕುಂಯ್. ಮರೆವಿನ ಕಾಯಿಲೆಯ ಮನುಷ್ಯರಿಗೂ ಸಂಜೆ ಇಳಿದಂತೆ ಗೊಂದಲ ಏರುತ್ತದೆ. ಇದಕ್ಕೆ ಮದ್ದು ಹಗಲಿನಿಂದಲೇ ಶುರುವಾಗಬೇಕು. ಬೆಳಗಿನ ಬಿಸಿಲಿನಲ್ಲಿ ಓಡಾಟ, ಮಧ್ಯಾಹ್ನವಿಡೀ ಮಲಗಲು ಬಿಡದೆ ನಡುನಡುವೆ ಎಬ್ಬಿಸುವುದು, ಸಂಜೆ ಇನ್ನೊಂದು ಸಣ್ಣ ಸುತ್ತು, ಮಲಗುವ ಮುನ್ನ ಕೊನೆಯ ಸಲ ಹೊರಗೆ. ದಾರಿಯುದ್ದಕ್ಕೂ ಮಂದ ದೀಪ ಉರಿಯುತ್ತಿರಲಿ. ಮನೆಯವರ ಮಂಚದ ಪಕ್ಕದಲ್ಲೇ ಅದರ ಹಾಸಿಗೆ ಹಾಕಿ, ಎಚ್ಚರವಾದಾಗ ಮೈಮೇಲೆ ಕೈ ಇಟ್ಟರೆ ಬಹಳಷ್ಟು ನಾಯಿಗಳು ಮತ್ತೆ ಮಲಗುತ್ತವೆ. ದೀಪಾವಳಿಯ ಪಟಾಕಿಯ ದಿನಗಳಲ್ಲಂತೂ ಇವನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡಬಾರದು. ಗಾಬರಿಯಲ್ಲಿ ಗೇಟು ದಾಟಿದ ಮುದಿ ನಾಯಿ ಮನೆಗೆ ದಾರಿ ಹುಡುಕಿಕೊಳ್ಳಲಾರದು.

ಮೆದುಳಿಗೆ ಕೆಲಸ ಮತ್ತು ಆಹಾರ ಎರಡೂ ಸೇರಿದರೆ ಕುಸಿತ ನಿಧಾನವಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿದೆ. ಟೊರಾಂಟೊ ವಿಶ್ವವಿದ್ಯಾಲಯದ ನಾರ್ಟನ್ ಮಿಲ್‌ಗ್ರಾಮ್ ತಂಡ ಮುದಿ ಬೀಗಲ್ ನಾಯಿಗಳ ಮೇಲೆ ಎರಡು ವರ್ಷ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವಕ್ಕೆ ಉತ್ಕರ್ಷಣ ತಡೆಯುವ ಪೋಷಕಾಂಶಗಳ ಆಹಾರ, ಕೆಲವಕ್ಕೆ ಜೊತೆಗಾರ ನಾಯಿ, ಆಟಿಕೆ, ನಡಿಗೆ, ಕಲಿಕೆಯ ಕೆಲಸ, ಕೆಲವಕ್ಕೆ ಎರಡೂ ಇದ್ದವು, ಕೆಲವಕ್ಕೆ ಯಾವುದೂ ಇರಲಿಲ್ಲ. ಒಂದೊಂದೇ ಸಿಕ್ಕವು ಚೆನ್ನಾಗಿದ್ದವು, ಎರಡೂ ಸಿಕ್ಕವು ಎಲ್ಲಕ್ಕಿಂತ ಚೆನ್ನಾಗಿ ಕಲಿತವು. ಅಮೆರಿಕದ ಡಾಗ್ ಏಜಿಂಗ್ ಪ್ರಾಜೆಕ್ಟ್ 15,019 ನಾಯಿಗಳ ಮಾಹಿತಿ ಸೇರಿಸಿ 2022ರಲ್ಲಿ ಪ್ರಕಟಿಸಿದ ವರದಿಯಲ್ಲೂ, ತೀರ ಚುರುಕಾದ ನಾಯಿಗಳಿಗೆ ಹೋಲಿಸಿದರೆ ಓಡಾಟವಿಲ್ಲದ ನಾಯಿಗಳಲ್ಲಿ ಈ ರೋಗದ ಸಂಭವ ಸುಮಾರು ಆರೂವರೆ ಪಟ್ಟು. ರೋಗ ಬಂದದ್ದರಿಂದಲೇ ಓಡಾಟ ನಿಂತಿರಬಹುದು ಎಂಬ ಎಚ್ಚರದೊಂದಿಗೆ ಈ ಅಂಕಿಯನ್ನು ಓದಬೇಕು. ಆದರೂ ನಡೆಸುವುದರಿಂದ ನಷ್ಟವಿಲ್ಲ. ನಡಿಗೆ ಎಂದರೆ ಎಳೆದುಕೊಂಡು ಹೋಗುವ ವಾಕಿಂಗ್ ಆಗಬಾರದು. ಒಂದು ವಿದ್ಯುತ್ ಕಂಬವನ್ನು ಐದು ನಿಮಿಷ ಮೂಸಿದರೂ ಮೂಸಲಿ, ಮೂಗು ಓದುವಷ್ಟು ಹೊತ್ತು ಮೆದುಳೂ ಓದುತ್ತಿರುತ್ತದೆ. ಮನೆಯಲ್ಲಿ ಇಡ್ಲಿ ತಟ್ಟೆಯ ಗುಳಿಗಳಲ್ಲಿ ತಿಂಡಿಯ ಚೂರಿಟ್ಟು ಮೇಲೆ ಬಟ್ಟೆ ಮುಚ್ಚಿದರೆ ಅದೇ ಹುಡುಕಾಟದ ಆಟ.

ಆಹಾರದಲ್ಲಿ, ಮುದಿಯಾಯಿತೆಂದು ಬರೀ ಮೊಸರನ್ನಕ್ಕೆ ಇಳಿಸುವ ರೂಢಿ ಸರಿಯಲ್ಲ. ಮೂತ್ರಪಿಂಡ ಗಟ್ಟಿಯಿರುವ ಮುದಿ ನಾಯಿಗೆ ಒಳ್ಳೆಯ ಪ್ರೋಟೀನು ಬೇಕೇ ಬೇಕು. ಸಕ್ಕರೆಯನ್ನು ಸರಿಯಾಗಿ ಬಳಸಲಾಗದ ಮೆದುಳಿಗೆ ಮಧ್ಯಮ ಸರಪಳಿಯ ಕೊಬ್ಬು ಬದಲಿ ಇಂಧನವಾಗುತ್ತದೆಂದು 2010ರ ಪ್ರಯೋಗವೊಂದು ತೋರಿಸಿತು, ಅಂಥ ಸಿದ್ಧ ಆಹಾರಗಳೂ ಬಂದಿವೆ. ಕೊಬ್ಬರಿ ಎಣ್ಣೆ ಅದಕ್ಕೆ ಸಮವಲ್ಲ. ಅಳತೆಯಿಲ್ಲದೆ ಹಾಕಿದರೆ ಮೇದೋಜೀರಕ ಗ್ರಂಥಿ ಉರಿಯೂತಕ್ಕೆ ಈಡಾಗಬಹುದು.

ಔಷಧಗಳಿವೆ, ಗುಣಪಡಿಸುವುದಿಲ್ಲ, ಕೆಲವು ನಾಯಿಗಳಿಗೆ ಒಳ್ಳೆಯ ತಿಂಗಳುಗಳನ್ನು ಕೊಡುತ್ತವೆ. ಮನುಷ್ಯರ ಪಾರ್ಕಿನ್ಸನ್ ಕಾಯಿಲೆಗೆ ಬಳಸುವ ಸೆಲೆಜಿಲಿನ್ ಅನ್ನು ನಾಯಿಗಳ ಮರೆಗುಳಿ ರೋಗಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1998ರಲ್ಲಿ ಒಪ್ಪಿತು. ಅಗಲಿಕೆಯ ಆತಂಕಕ್ಕೆ ಕ್ಲೊಮಿಪ್ರಮಿನ್, 2007ರಿಂದ ಫ್ಲುಆಕ್ಸಿಟಿನ್ ಇವೆ. ಇವು ಪರಿಣಾಮ ತೋರಲು ವಾರಗಳು ಬೇಕು. ಸೆಲೆಜಿಲಿನ್ ಜೊತೆ ಈ ಎರಡರಲ್ಲಿ ಯಾವುದನ್ನೂ ಕೊಡಬಾರದು, ಪ್ರಾಣಕ್ಕೇ ಅಪಾಯ. ಒಂದು ನಿಲ್ಲಿಸಿ ಇನ್ನೊಂದು ಶುರು ಮಾಡುವ ನಡುವೆಯೂ ವಾರಗಳ ಅಂತರ ಬೇಕು. ಆದ್ದರಿಂದ ಹಿಂದೆ ಕೊಟ್ಟ ಎಲ್ಲ ಮಾತ್ರೆಗಳ ಚೀಟಿಯನ್ನು ವೈದ್ಯರಿಗೆ ತೋರಿಸಬೇಕು.

ನೋಡಿಕೊಳ್ಳುವವರ ನಿದ್ದೆಯೂ ಲೆಕ್ಕಕ್ಕೆ ಬರಬೇಕು. ತಿಂಗಳುಗಟ್ಟಲೆ ರಾತ್ರಿ ಎದ್ದವರಿಗೆ ಪ್ರೀತಿಯ ನಾಯಿಯ ಮೇಲೇ ಸಿಟ್ಟು ಬರುತ್ತದೆ, ಆಮೇಲೆ ಅಳು ಬರುತ್ತದೆ. ಇದರಲ್ಲಿ ನಾಚಿಕೆಪಡುವುದೇನಿಲ್ಲ, ರಾತ್ರಿಗಳನ್ನು ಮನೆಯವರು ಸರದಿಯಲ್ಲಿ ಹಂಚಿಕೊಳ್ಳಬೇಕು. ಆಗದೆಂದು ದೂರದ ಬೀದಿಯಲ್ಲಿ ಬಿಟ್ಟು ಬರುವುದು ಮಾತ್ರ ಕ್ರೌರ್ಯ. ದಾರಿ ತಿಳಿಯದ, ಒಂಟಿತನಕ್ಕೆ ಹೆದರುವ ನಾಯಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಹಸಿವು ಬಾಯಾರಿಕೆಗೆ ಈಡಾಗುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು.

ಕೊನೆಯ ಹಂತ ತಿಳಿಯಲು ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ ಏಳು ಅಂಶಗಳ ಒಂದು ಅಳತೆಪಟ್ಟಿ ಮಾಡಿದ್ದಾರೆ: ನೋವು, ಹಸಿವು, ನೀರು, ಶುಚಿ, ಸಂತೋಷ, ನಡೆದಾಟ, ಮತ್ತು ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬುದು. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿದಿನಕ್ಕೂ ಒಂದು ಗುರುತು ಹಾಕುತ್ತ ಬಂದರೆ, ಮನಸ್ಸು ಒಪ್ಪದ ಮಾತನ್ನು ಪುಟ ಹೇಳುತ್ತದೆ. ಕೆಟ್ಟ ದಿನಗಳೇ ತುಂಬಿದಾಗ ದಯಾಮರಣದ ಮಾತು ಬರುತ್ತದೆ. ಇದು ಪಾಪವೋ ಅಲ್ಲವೋ ಎಂಬ ತಳಮಳ ನಮ್ಮ ಮನೆಗಳಲ್ಲಿ ಸಹಜ, ಅದಕ್ಕೆ ವೈದ್ಯರು ಉತ್ತರ ಕೊಡಲಾರರು. ನಾಯಿಗೆ ಈಗ ಎಷ್ಟು ಸಂಕಟವಿದೆ ಎಂಬುದನ್ನು ಮಾತ್ರ ಹೇಳಬಲ್ಲರು. ಮನೆಗೇ ಬರುವ ವೈದ್ಯರು ಸಿಕ್ಕರೆ ಅದರ ಹಾಸಿಗೆಯ ಮೇಲೇ ಆಗಬಹುದು. ಮೊದಲು ಮಂಪರಿನ ಚುಚ್ಚುಮದ್ದು. ಕೆಲವು ನಿಮಿಷಗಳಲ್ಲಿ ನಾಯಿ ಗಾಢ ನಿದ್ದೆಗೆ ಇಳಿಯುತ್ತದೆ, ಎರಡನೆಯದು ಅದಕ್ಕೆ ತಿಳಿಯುವುದಿಲ್ಲ. ಆ ಮೊದಲ ಕೆಲವು ನಿಮಿಷ ಗುರುತಿನವರು ಯಾರಾದರೂ ಅದರ ಮೂಗಿಗೆ ಸಿಗುವಷ್ಟು ಹತ್ತಿರ ಕೂತಿರಬೇಕು.